ಹವಳದ ಬುಡದ ಕಲೆ

ನಮ್ಮ ದೊಡ್ಡಪ್ಪನದು ಲಾಂಡ್ರಿ ಅಂಗಡಿ. ಬಟ್ಟೆಯ ಮೇಲೆ ಕಲೆ ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಅಂಥವರು ಇಸ್ತ್ರಿ ಮೇಜಿನ ಪಕ್ಕದಲ್ಲೇ ಉಪ್ಪುನೀರಿನ ಗಾಜಿನ ತೊಟ್ಟಿಯಿಟ್ಟು ಮೀನಿನ ಜೊತೆ ಜೀವಂತ ಹವಳ ಸಾಕಿದ್ದಾರೆ. ಮೀನಿನ ಗಲೀಜು ನೀರಿನಲ್ಲಿ ಕರಗಿ ಎಲ್ಲೆಲ್ಲೂ ಪಾಚಿ ಹತ್ತಿದಾಗ, ಅಕ್ವೇರಿಯಂ ಅಂಗಡಿಯವನು ಬಯೋಪೆಲೆಟ್ ಎಂಬ ಬಿಳಿ ಗುಂಡುಗಳ ಡಬ್ಬಿ ಕೊಟ್ಟ.

"ಇದನ್ನ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತೆ, ಜೊತೆಗೆ ನೀರಿನ ಗಲೀಜನ್ನೂ ಹೀರ್ಕೊಳ್ಳುತ್ತೆ. ಸ್ವಲ್ಪದರಿಂದ ಶುರು ಮಾಡಿ."

ಹಠಮಾರಿ ಕಲೆಗೆ ಪುಡಿ ಧಾರಾಳವಾಗಿ ಹಾಕಬೇಕೆಂಬುದು ದೊಡ್ಡಪ್ಪನ ವೃತ್ತಿಧರ್ಮ. ಇಡೀ ಡಬ್ಬಿಯನ್ನು ನೀರು ಹಾಯುವ ಕೊಳವೆಗೆ ಸುರಿದರು. ಗುಂಡುಗಳು ಕುದಿಯುವ ಅಕ್ಕಿಯಂತೆ ಕುಣಿದವು. ಪಾಚಿ ಹೋಯಿತು. ಅದರ ಹಿಂದೆಯೇ ಹವಳದ ಕಂದು ಬಣ್ಣವೂ ಹೋಗಿ, ಅದು ಹೊಸ ಅಂಗಿಯ ಕಾಲರಿನಂತೆ ಬೆಳ್ಳಗಾಯಿತು.

ದೊಡ್ಡಪ್ಪ ಗಾಜಿಗೆ ಮೂಗು ಒತ್ತಿ ಕೂತರು. "ಇಷ್ಟು ಶುದ್ಧ ನೀರಲ್ಲಿ ಇದಕ್ಕೇನು ಕಾಯಿಲೆ?"

"ಕಾಯಿಲೆ ಅಲ್ಲ ರೀ, ಹಸಿವು," ಎಂದರು ದೊಡ್ಡಮ್ಮ. "ನೀವು ಗಲೀಜು ಅಂದಿದ್ರಲ್ಲ, ಅದರಲ್ಲೇ ಇದರ ಊಟಾನೂ ಇತ್ತು. ಎಲ್ಲಾ ಒಗೆದುಬಿಟ್ರಿ."

ದೊಡ್ಡಪ್ಪ ಮುಕ್ಕಾಲು ಪಾಲು ಗುಂಡು ತೆಗೆದರು. ಮೀನಿಗೆ ಒಂದು ಚಿಟಿಕೆ ಹೆಚ್ಚು ಆಹಾರ ಹಾಕಿದರು. ಆಮೇಲೆ ಗಿರಾಕಿ ಕಾದರೂ ಸರಿ, ತೊಟ್ಟಿಯ ಮುಂದೆಯೇ ಠಿಕಾಣಿ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅಂಗಡಿಯಿಂದ ಕೂಗಿದರು: "ಬಾರೇ ಇಲ್ಲಿ. ಕಂದು ಕಲೆ ಬಿದ್ದಿದೆ."

ದೊಡ್ಡಮ್ಮ ಅಭ್ಯಾಸಬಲದಿಂದ ಬ್ರಶ್ಶು ಹಿಡಿದೇ ಓಡಿಬಂದರು. ದೊಡ್ಡಪ್ಪ ಹವಳದ ಬುಡಕ್ಕೆ ಬೆರಳು ತೋರಿಸುತ್ತ ನಗುತ್ತಿದ್ದರು.