ನಡುಕವನ್ನು ತಡೆಯಬೇಡಿ ಎಂದರು

ಕೋಠಿಯ ತಿರುವಿನಲ್ಲಿ ಬಸ್ಸು ನಮ್ಮ ಸ್ಕೂಟರಿಗೆ ಗುದ್ದಿದಾಗ ನಾನು ಯಜಮಾನರ ಹಿಂದೆ ಕೂತಿದ್ದೆ. ನನ್ನ ಮೂಳೆ ಕೂಡಿತು, ಹೆದರಿಕೆ ಹೋಗಲಿಲ್ಲ. ಹಾರ್ನ್ ಕೇಳಿದರೆ ಸಾಕು, ಅಡುಗೆಮನೆಯಲ್ಲಿದ್ದರೂ ತೊಡೆ ಕಲ್ಲಾಗುತ್ತಿತ್ತು. "ಇನ್ನ ಎಷ್ಟ ದಿನ ಹೆದರತಿ?" ಎಂದು ಯಜಮಾನರು ಅದೇ ಗಾಡಿಯನ್ನು ರಿಪೇರಿ ಮಾಡಿಸಿ ತಂದು ಬಾಗಿಲಿಗೇ ನಿಲ್ಲಿಸಿದರು.

ಈ ಹೆದರಿಕೆಗೆಂದು ನಾನು ಹೋಗಿ ಕಂಡ ತಾರ್ನಾಕದ ಥೆರಪಿಸ್ಟ್ ಮೇಡಂ ಅಪಘಾತದ ಕಥೆ ಕೇಳಲೇ ಇಲ್ಲ. ಗೋಡೆಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ ನಿಲ್ಲಲು ಕಲಿಸಿದರು. ನಡುಕ ಬಂದರೆ ತಡೆಯಬೇಡಿ, ಮೈಯೊಳಗಿನ ಭಯ ಹಾಗೇ ಇಳಿಯುತ್ತದೆ ಎಂದು ಹಿಂದಿಯಲ್ಲಿ ಹೇಳಿದರು.

ಒಂದು ಶುಕ್ರವಾರ ಸಂಜೆ ಮನೆಯಲ್ಲಿ ಹಾಗೆ ನಿಂತೆ. ನಡುಕ ತೊಡೆಯಿಂದ ಹೊಟ್ಟೆಗೆ, ಅಲ್ಲಿಂದ ದವಡೆಗೆ ಏರಿತು. ಕಣ್ಣು ಮುಚ್ಚಿದ್ದೆ, ಕೂದಲು ಬಿಚ್ಚಿಕೊಂಡಿತ್ತು. ದೇವರಿಗೆ ದೀಪ ಹಚ್ಚಲು ಬಂದ ಅತ್ತೆ ನನ್ನನ್ನು ನೋಡಿದರು. ವಿಜಯಪುರದ ಕಡೆಯ ಅವರ ಹಳ್ಳಿಯಲ್ಲಿ ಹೆಂಗಸು ಹೀಗೆ ನಡುಗಿದರೆ ಮೈಮೇಲೆ ದೇವಿ ಬಂದಳೆಂದೇ ಅರ್ಥ. ಓಡಿ ಹೋಗಿ ಅರಿಶಿನ ತಂದು ನನ್ನ ಹಣೆಗೆ ಹಚ್ಚಿದರು. ತಮ್ಮ ಮಗನನ್ನೇ ಕರೆದು ನನ್ನ ಕಾಲಿಗೆ ಬೀಳಿಸಿದರು.

"ನಿನಗ ಏನ ಬೇಕ ತಾಯಿ? ಹೇಳವ್ವಾ," ಎಂದು ಅತ್ತೆ ಕೇಳಿದರು.

ಈ ಮನೆಯಲ್ಲಿ ನನಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನು ದೇವಿಯಲ್ಲ ಅನ್ನಬೇಕಿತ್ತು. ನಡುಗುವ ಬಾಯಿಂದ ಬಂದದ್ದು ಬೇರೆ: "ಆ ಗಾಡಿ ಮನೀ ಮುಂದಿಂದ ತಗೀರಿ."

ಮರುದಿನವೇ ಗಾಡಿ ಹೋಯಿತು. ನಡುಕ ಇನ್ನೂ ಬರುತ್ತದೆ, ಈಗ ಚಿಲಕ ಹಾಕಿಕೊಂಡು ನಡುಗುತ್ತೇನೆ. ಬಸ್ಸಿಗಿಂತ ನನಗೀಗ ಆ ಪ್ರಶ್ನೆಯ ಭಯ. ಅತ್ತೆ ಮತ್ತೊಮ್ಮೆ ಕೇಳಿದರೆ ಈ ಬಾಯಿ ಏನು ಬೇಡಿಬಿಡುತ್ತದೋ.