ಸವಿತಕ್ಕನಿಗೆ ಪುಸ್ತಕ ಹಿಡಿದದ್ದು

ಮೊನ್ನೆ ಪಕ್ಕದ ಮನೆಯಲ್ಲಿ ಸಾರಿನ ಪುಡಿಗೆ ಧನಿಯ ಹುರಿಯುತ್ತಿದ್ದರು. ಮೊದಲು ಘಮ ಬಂತು, ಹಿಂದೆಯೇ ಸ್ವಲ್ಪ ಸೀದ ವಾಸನೆ. ಬೇರೆಯವರಿಗೆ ಆ ವಾಸನೆಗೆ ಹಸಿವಾಗುತ್ತದೆ, ಇಲ್ಲವೇ ಸೀನು ಬರುತ್ತದೆ. ನನಗೆ ಮಾತ್ರ ಕೊಲೆ ಮಾಡಿದವರು ಯಾರು ಎಂದು ತಿಳಿಯುವ ಆತುರ ಹುಟ್ಟುತ್ತದೆ. ನಗಬೇಡಿ, ಕಾರಣ ಇದೆ. ಅದನ್ನು ಹೇಳಬೇಕಾದರೆ ನೀವು ನನ್ನ ಜೊತೆ ತೊಂಬತ್ತರ ದಶಕದ ಹೊಳೆನರಸೀಪುರಕ್ಕೆ ಬಂದು, ಅಲ್ಲಿಂದ ಅರಕಲಗೂಡಿನ ಬಸ್ಸು ಹತ್ತಬೇಕು.

ನಾನಾಗ ಮೊದಲ ಪಿಯುಸಿ. ಓದಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಓದುತ್ತಿದ್ದೆ. ಊರಿನ ಲೈಬ್ರರಿಯ ಕಿಟಕಿ ಪಕ್ಕ ಒಂದು ಬೀರು ಇತ್ತು. ಮಕ್ಕಳ ಕತೆಗೆ ದೊಡ್ಡವರಾಗಿ, ದೊಡ್ಡವರ ಕತೆಗೆ ಇನ್ನೂ ಚಿಕ್ಕವರಾಗಿದ್ದ ನಮ್ಮಂಥವರಿಗೆಂದೇ ಇಟ್ಟ ಬೀರು ಅದು. ಪತ್ತೇದಾರಿ, ದೆವ್ವ, ಆಕಾಶಯಾನ, ರಾಜಕುಮಾರಿಯರ ಕತ್ತಿವರಸೆ, ಕಾಲೇಜಿನ ಪ್ರೇಮ, ನದಿ ಕಾಡುಗಳ ಸಾಹಸ, ಎಲ್ಲವೂ ಒಂದರ ಮೈಮೇಲೊಂದು ಬಿದ್ದುಕೊಂಡಿರುತ್ತಿದ್ದವು. ಓದುವುದು ನನ್ನ ಚಟವಾದರೆ, ಓದಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ನನ್ನ ಕಾಯಿಲೆ. ಎದುರು ಮನೆಯ ಲಲಿತಾಗೆ ಆಕಾಶಯಾನದ ಪುಸ್ತಕ ಕೊಟ್ಟೆ. ನಕ್ಷತ್ರ ನೋಡುತ್ತೇನೆಂದು ತಾರಸಿಯ ಮೇಲೆ ಮಲಗಿ ನೆಗಡಿ ತಂದುಕೊಂಡಳು. ನನ್ನ ಕ್ಲಾಸಿನ ಮೂವರು ಹುಡುಗಿಯರಿಗೆ ನದಿಯ ಸಾಹಸದ ಕಾದಂಬರಿ ಹಚ್ಚಿದೆ. ಅವರು ಬಾಳೆದಿಂಡಿನ ತೆಪ್ಪ ಕಟ್ಟಿ ಹೇಮಾವತಿಗೆ ಇಳಿಸಿ ಮುಳುಗಿಸಿ, ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕೈಗೆ ಸಿಕ್ಕಿ, ಕಿವಿ ಹಿಂಡಿಸಿಕೊಂಡು ಬಂದರು.

"ನೀನು ಹೇಳಿದ ಪುಸ್ತಕ ಓದಿ ಉದ್ಧಾರ ಆದೋರ ಒಬ್ರನ್ನ ತೋರ್ಸು ನೋಡೋಣ," ಎನ್ನುತ್ತಿದ್ದಳು ಅವ್ವ. ತೋರಿಸುವುದಕ್ಕೆ ನನ್ನ ಹತ್ತಿರ ಯಾರೂ ಇರಲಿಲ್ಲ.

ಆ ವರ್ಷದ ದಸರಾ ರಜಕ್ಕೆ ಅರಕಲಗೂಡಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪನ ಮಗಳು ಸವಿತಕ್ಕನಿಗೆ ಗಂಡು ನೋಡುತ್ತಿದ್ದ ಕಾಲ. ಅವಳು ನೋಡಲು ಲಕ್ಷಣವಾಗಿದ್ದಳು, ಕೈ ಅಡಿಗೆಯೂ ಹದ. ಅವಳ ನಗುವೊಂದೇ ತೊಂದರೆ. ಆ ನಗು ಅಡಿಗೆಮನೆಯಲ್ಲಿ ಹೊರಟರೆ ಹಿತ್ತಲಿನ ಕೋಳಿಗಳು ಚದುರುತ್ತಿದ್ದವು. ಹಿಂದೆ ಬಂದಿದ್ದ ಒಂದು ಗಂಡಿನ ಕಡೆಯವರು ಅದನ್ನು ಕೇಳಿಯೇ ಎದ್ದು ಹೋಗಿದ್ದರು. ಈ ಸಲವೂ ಆಗದಿದ್ದರೆ ಶಾಂತಿಗ್ರಾಮದ ಸೋದರಮಾವನ ಮಗನಿಗೇ ಕೊಡುವುದೆಂದು ದೊಡ್ಡಪ್ಪ ತೀರ್ಮಾನ ಮಾಡಿಬಿಟ್ಟಿದ್ದ. ಸೋದರಮಾವನ ಮಗ ಒಳ್ಳೆಯವನೇ. ಆದರೆ ಅವನ ಬಾಯಲ್ಲಿ ಸೀಮೆಹಸುವಿನ ಮಾತು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಹೇಗಿದ್ದೀಯ ಎಂದು ಕೇಳಿದರೆ, "ಬೆಳಿಗ್ಗೆ ಸ್ವಲ್ಪ ಕಮ್ಮಿ ಕೊಡ್ತು," ಎನ್ನುತ್ತಿದ್ದ.

"ಅವನ್ನ ಕಟ್ಕಂಡ್ರೆ ನಾನೂ ಅಂಬಾ ಅನ್ಬೇಕಾಯ್ತದೆ ಕಣಮ್ಮಿ," ಎಂದಳು ಸವಿತಕ್ಕ. ನಗಲಿಲ್ಲ. ಅವಳು ನಗದೆ ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ನೋಡಲು ಬಂದ ಗಂಡು ಚನ್ನರಾಯಪಟ್ಟಣದವನು, ಹೆಸರು ರವೀಂದ್ರ. ಗೊರೂರಿನ ಅಣೆಕಟ್ಟೆಯಲ್ಲಿ ಇಂಜಿನಿಯರ್. ಅವನ ಜೊತೆ ಬಂದ ಅಕ್ಕನೇ ಅವನ ಬಾಯಿ, ಕಣ್ಣು, ಬುದ್ಧಿ ಎಲ್ಲ. ಮೆಣಸಿನಕಾಯಿ ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ಬಂದರೂ ಅವನು ನೀರು ಕೇಳಲಿಲ್ಲ. ಸವಿತಕ್ಕ ತಾನಾಗಿ ಲೋಟ ತಂದಿಟ್ಟಳು. ಅವನು ಕೈ ಮುಗಿಯುವಷ್ಟು ಕೃತಜ್ಞತೆಯಿಂದ ಅವಳನ್ನು ನೋಡಿದ. ಇವನು ಪರವಾಗಿಲ್ಲ ಅಂತ ಅವಳಿಗೆ ಅನಿಸಿದ್ದು ಬಾಗಿಲ ಹಿಂದೆ ನಿಂತಿದ್ದ ನನಗೂ ಗೊತ್ತಾಯಿತು. ಅಷ್ಟರಲ್ಲಿ ಅಕ್ಕ ಅವನ ಮೊಣಕೈ ತಿವಿದಳು. ಅವನು ಗಂಟಲು ಸರಿಮಾಡಿಕೊಂಡು ಕೇಳಿದ.

"ನೀವು ಪುಸ್ತಕ ಗಿಸ್ತಕ ಓದ್ತೀರಾ?"

ಸವಿತಕ್ಕ ಎಸೆಸೆಲ್ಸಿ ಆದಮೇಲೆ ಪುಸ್ತಕ ಮುಟ್ಟಿದ್ದು ಒಲೆ ಹಚ್ಚಲು ಮಾತ್ರ. ಅವಳ ಕಣ್ಣು ಬಾಗಿಲ ಸಂದಿಯಲ್ಲಿ ನನ್ನನ್ನು ಹುಡುಕಿತು. ನಾನು ಹೂಂ ಎಂದು ತಲೆ ಆಡಿಸಿದೆ.

"ಓದ್ತೀನಿ."

"ಎಂಥಾ ಪುಸ್ತಕ?"

"ಎಲ್ಲಾ ತರದ್ದೂ."

"ಹಾಗಾದ್ರೆ ಸಂತೋಷ," ಎಂದಳು ಅಕ್ಕ. "ನಮ್ಮ ರವಿಗೂ ಓದೋದಂದ್ರೆ ಪ್ರಾಣ. ದೀಪಾವಳಿ ಕಳೆದಮೇಲೆ ಬತ್ತೀವಿ. ಇಬ್ರೂ ಕೂತ್ಕಂಡು ಪುಸ್ತಕದ ಬಗ್ಗೆ ಮಾತಾಡ್ಲಿ."

ಅವರು ಹೋದ ಕೂಡಲೇ ಸವಿತಕ್ಕ ನನ್ನ ಜಡೆ ಹಿಡಿದಳು. "ತಲೆ ಆಡಿಸ್ದೋಳು ನೀನು. ಈಗ ನೀನೇ ಓದ್ಸು."

ನನ್ನ ಜೀವಮಾನದಲ್ಲೇ ಯಾರೂ ನನ್ನನ್ನು ಹೀಗೆ ಬೇಡಿಕೊಂಡಿರಲಿಲ್ಲ. ಮಾರನೆಯ ದಿನವೇ ಹೊಳೆನರಸೀಪುರಕ್ಕೆ ಹೋಗಿ, ಲಲಿತಾಳ ಲೈಬ್ರರಿ ಕಾರ್ಡು, ಅವಳ ತಂಗಿಯ ಕಾರ್ಡು, ನನ್ನದು, ಎಲ್ಲ ಸೇರಿಸಿ ಒಂದು ಚೀಲ ಪುಸ್ತಕ ಹೊತ್ತು ತಂದೆ.

ಮೊದಲಿಗೆ ಕಾಲೇಜಿನ ಪ್ರೇಮ ಕೊಟ್ಟೆ. ಮದುವೆಯ ಹುಡುಗಿಗೆ ಅದೇ ಸರಿ ಎಂಬುದು ನನ್ನ ಪಾಂಡಿತ್ಯ. ಅರ್ಧ ಓದಿ ಮುಚ್ಚಿಟ್ಟಳು. "ಇವ್ರಿಬ್ರೂ ಒಂದ್ ದಪ ಬಾಯ್ಬಿಟ್ಟು ಮಾತಾಡಿದ್ರೆ ಮುಗೀತಿತ್ತಲ್ಲ, ಇಷ್ಟುದ್ದ ಯಾಕೆ ಸುತ್ತುತಾರೆ?" ಎಂದಳು. ಆಕಾಶಯಾನ ಕೊಟ್ಟೆ. "ಆ ಗ್ರಹದಲ್ಲಿ ಏನುಣ್ತಾರೆ ಅಂತಾನೇ ಬರ್ದಿಲ್ಲ," ಎಂದು ಅದನ್ನೂ ಬದಿಗಿಟ್ಟಳು. ಕತ್ತಿವರಸೆಯ ರಾಜಕುಮಾರಿ ಎರಡನೇ ಅಧ್ಯಾಯದಲ್ಲೇ ಸವಿತಕ್ಕನಿಗೆ ಜೋಗುಳ ಹಾಡಿದಳು. ನನಗೆ ಸವಿತಕ್ಕನ ಮೇಲೆ ಕೋಪ ಬಂತು. ಒಂದೊಂದೂ ನಾನು ಉಸಿರು ಬಿಗಿಹಿಡಿದು ಓದಿದ ಪುಸ್ತಕ! ಬೇರೆ ದಾರಿ ಕಾಣದೆ, ಪುಸ್ತಕಕ್ಕೊಂದರಂತೆ ಒಪ್ಪಿಸಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಸತೊಡಗಿದೆ. "ಪಾತ್ರಗಳು ಕಣ್ಣಿಗೆ ಕಟ್ಟುತ್ತವೆ ಅನ್ನು," ಎಂದರೆ, "ಯಾವ ಕಣ್ಣಿಗೆ?" ಎನ್ನುತ್ತಿದ್ದಳು.

ಕೊನೆಗೆ ಪತ್ತೇದಾರಿ ಕೊಟ್ಟೆ. ಬೋರ್ಡಿಂಗ್ ಶಾಲೆಯ ನಾಲ್ವರು ಹುಡುಗಿಯರು ವಾರ್ಡನ್ನಿನ ಕೊಲೆ ಪತ್ತೆ ಮಾಡುವ ಕತೆ. ಅವಳು ಒಂದು ಕೈಯಲ್ಲಿ ಪುಸ್ತಕ ಹಿಡಿದು, ಇನ್ನೊಂದು ಕೈಯಲ್ಲಿ ಬಾಣಲೆಯ ಧನಿಯ ಕೈಯಾಡಿಸುತ್ತ ಒಲೆ ಮುಂದೆ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಕೈಯಾಡುವುದು ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಹೊಗೆ ನಡುಮನೆ ದಾಟಿ ಜಗುಲಿಗೆ ಬಂತು. ದೊಡ್ಡವ್ವ ಕೆಮ್ಮುತ್ತ ಓಡಿ ಬಂದು ನೋಡಿದರೆ ಧನಿಯ ಇದ್ದಿಲಾಗಿದೆ, ಮಗಳು ಅಲುಗಾಡದೆ ನಿಂತಿದ್ದಾಳೆ.

"ಏನಾಯ್ತೇ ನಿಂಗೆ? ಗಾಳಿ ಗೀಳಿ ಮೆಟ್ಟಿಕಂತಾ?"

"ಸುಮ್ಕಿರವ್ವ, ಅಡಿಗೆಯೋಳ ಸೆರಗಲ್ಲಿ ಬೀಗದಕೈ ಸಿಕ್ತು!"

ಅವತ್ತಿನಿಂದ ಮನೆಯ ಸಾರು ಒಂದು ದಿನವೂ ಒಂದೇ ರುಚಿ ಇರಲಿಲ್ಲ. ಪತ್ತೇದಾರಿ ಮುಗಿಸಿ ಇನ್ನೊಂದು ಪತ್ತೇದಾರಿ, ಅದು ಮುಗಿಸಿ ದೆವ್ವ. ದೊಡ್ಡವ್ವ ಮೊದಲು ಬೈದಳು, ಆಮೇಲೆ ಏನದು ಎಂದು ಕೇಳಿದಳು, ಆಮೇಲೆ ಅವರೆಕಾಯಿ ಸುಲಿಯುವಾಗ ಗಟ್ಟಿಯಾಗಿ ಓದು ಎಂದು ತಾನೇ ಅಪ್ಪಣೆ ಮಾಡಿದಳು. ದೊಡ್ಡಪ್ಪ ಕೇಳದವನಂತೆ ಕಂಬಕ್ಕೆ ಒರಗಿ ಕೂರುತ್ತಿದ್ದ. ಕತೆ ಬಿಗಿಯಾದ ಜಾಗದಲ್ಲಿ ಸವಿತಕ್ಕ ನೀರು ಕುಡಿಯಲು ನಿಲ್ಲಿಸಿದರೆ, "ಉಂ," ಎಂದು ಕೆಮ್ಮುತ್ತಿದ್ದ. ಮುಂದಕ್ಕೆ ಓದು ಎಂದು ಅದರ ಅರ್ಥ.

ದೀಪಾವಳಿ ಕಳೆದಮೇಲೆ ಅವರು ಬಂದರು. ಆ ದಿನಕ್ಕೆಂದು ನಾನೂ ಬಂದಿದ್ದೆ. ನಾನು ಕಲಿಸಿದ ಮಾತು ಒಂದೂ ಸವಿತಕ್ಕನ ಬಾಯಿಂದ ಬರದಿದ್ದರೆ ಗತಿಯೇನು ಎಂದು ಬಾಗಿಲ ಹಿಂದೆ ನಿಂತು ನಾನೇ ಅವನ್ನು ಒಪ್ಪಿಸಿಕೊಳ್ಳುತ್ತಿದ್ದೆ. ಕಾಫಿ ಆಯಿತು. ಇಬ್ಬರನ್ನೂ ಜಗುಲಿಯಲ್ಲಿ ಎದುರುಬದುರು ಕೂರಿಸಿದರು. ಅಕ್ಕ ಅವನನ್ನು ತಿವಿಯುವ ಮೊದಲೇ ಸವಿತಕ್ಕ ಬಾಯಿ ತೆಗೆದಳು.

"ನೀವು ಎಂಥಾ ಪುಸ್ತಕ ಓದ್ತೀರಿ?"

ರವೀಂದ್ರ ಅಕ್ಕನ ಮುಖ ನೋಡಿದ. ಅಕ್ಕ ಗೋಡೆಯ ಕ್ಯಾಲೆಂಡರ್ ನೋಡಿದಳು.

"ಎಲ್ಲಾ ತರದ್ದೂ," ಎಂದ.

ಆ ಉತ್ತರ ಎಲ್ಲಿಂದ ಬರುತ್ತದೆ ಎಂಬುದು ಸವಿತಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪತ್ತೇದಾರಿ ಓದಿದವಳು ಬೇರೆ. "ಹೆಸರು ಬ್ಯಾಡ. ಒಂದು ಕತೇಲಿ ಏನಾಯ್ತದೆ, ಅದ್ನೇ ಹೇಳಿ."

ಅವನ ಹಣೆಯಲ್ಲಿ ಬೆವರು ಮೂಡಿತು. "ಒಬ್ಬ ರಾಜ ಇರ್ತಾನೆ," ಎಂದು ಶುರು ಮಾಡಿ ನಿಲ್ಲಿಸಿದ. ರಾಜ ಅಲ್ಲಿಯೇ ಇದ್ದ. ಮುಂದಕ್ಕೆ ಹೋಗಲಿಲ್ಲ. ಕೊನೆಗೆ ತಲೆ ತಗ್ಗಿಸಿ ಮೆಲ್ಲಗೆ, "ನಾನು ಓದೋದು ಅಣೆಕಟ್ಟೆ ನೀರಿನ ಮಟ್ಟ ಒಂದೇ ಕಣ್ರೀ. ಹಾಗೆ ಕೇಳು ಅಂತ ಅಕ್ಕ ಹೇಳಿಕೊಟ್ಳು," ಎಂದ.

ಸವಿತಕ್ಕ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ಆ ನಗು ಹೊರಟಿತು. ಹಿತ್ತಲಿನ ಕೋಳಿಗಳು ಎದ್ದವು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ನಕ್ಕು ಮುಗಿಸಿ ಅವಳು ಒಳಗೆ ಹೋಗಿ, ತಾನು ಆಗಷ್ಟೇ ಮುಗಿಸಿದ್ದ ದೆವ್ವದ ಪುಸ್ತಕ ತಂದು ಅವನ ಕೈಗಿಟ್ಟಳು. "ಇದ್ನ ಓದ್ಕಂಡು ಬನ್ನಿ. ಹೂಂ ಅಂತೀನೋ ಉಹೂಂ ಅಂತೀನೋ ಆಮೇಲೆ ಹೇಳ್ತೀನಿ."

"ಹುಡ್ಗಿ ಗಂಡಿಗೆ ಪರೀಕ್ಷೆ ಮಾಡೋ ಕಾಲ ಬಂತಾ!" ಎಂದು ಅಕ್ಕ ಎದ್ದೇಬಿಟ್ಟಳು. ರವೀಂದ್ರನೂ ಎದ್ದ. ಆದರೆ ಪುಸ್ತಕ ಕೆಳಗಿಡಲಿಲ್ಲ. ಅದನ್ನು ಗಮನಿಸಿದವರು ಸವಿತಕ್ಕ ಮತ್ತು ನಾನು, ಇಬ್ಬರೇ.

ಅಲ್ಲಿಂದ ಮುಂದೆ ಸದ್ದಿಲ್ಲ. ಚನ್ನರಾಯಪಟ್ಟಣದಿಂದ ಹೂಂ ಇಲ್ಲ, ಉಹೂಂ ಇಲ್ಲ. ಶಾಂತಿಗ್ರಾಮದ ಸೋದರಮಾವ ಮಾತ್ರ ಒಂದು ಡಬ್ಬಿ ಖೋವಾ ಹಿಡಿದು ಬಂದು ಹೋದ. "ತೆಪ್ಪ ಮುಳುಗಿಸಿದ್ದು ಸಾಲ್ದು ಅಂತ ಈಗ ಸಂಬಂಧಾನೂ ಮುಳುಗಿಸ್ದೆ," ಎಂದಳು ನಮ್ಮವ್ವ. ಲೈಬ್ರರಿಯವರು ಪುಸ್ತಕ ಎಲ್ಲಿ ಎಂದು ಕೇಳಿದಾಗ, ಗೊರೂರಿನಲ್ಲಿ ಒಬ್ಬರನ್ನು ಹೆದರಿಸಲು ಹೋಗಿದೆ ಎಂದು ಹೇಗೆ ಹೇಳಲಿ? ಊಟ ಸೇರಲಿಲ್ಲ ನನಗೆ. ಆಕಾಶಯಾನವೂ ಸೇರಲಿಲ್ಲ.

ಆಮೇಲೆ ಒಂದು ಭಾನುವಾರ, ನಾನು ಸವಿತಕ್ಕನಿಗೆ ಮುಖ ತೋರಿಸಿ ಬರೋಣವೆಂದು ಅರಕಲಗೂಡಿಗೆ ಹೋಗಿದ್ದಾಗಲೇ, ರವೀಂದ್ರ ಬಂದ. ಅಕ್ಕ ಜೊತೆಗಿಲ್ಲ. ಕಣ್ಣು ಕೆಂಪಗೆ, ಗಡ್ಡ ಬೆಳೆದು, ಪುಸ್ತಕ ಕಂಕುಳಲ್ಲಿ.

"ಒಬ್ನೇ ಇರೋ ಕ್ವಾರ್ಟರ್ಸಲ್ಲಿ ಇಂಥ ಪುಸ್ತಕ ಓದಿಸ್ತೀರಲ್ಲ, ಸ್ವಲ್ಪನಾದ್ರೂ ಕರುಣೆ ಇದೆಯೇನ್ರೀ ನಿಮ್ಗೆ?" ಎಂದ. "ಕಟ್ಟೆ ನೀರು ಸದ್ದು ಮಾಡಿದ್ರೆ ಯಾರೋ ಕರ್ದಂಗಾಗುತ್ತೆ. ದೀಪ ಆರಿಸಿ ಮಲಗಿ ಎಷ್ಟು ದಿನ ಆಯ್ತೋ."

ಸವಿತಕ್ಕ ತುಟಿ ಕಚ್ಚಿಕೊಂಡಳು. "ಪೂರ್ತಿ ಓದಿದ್ರಾ?"

"ಕೊನೇ ಅಧ್ಯಾಯ ಬಾಕಿ ಇದೆ. ಒಬ್ನೇ ಓದಕ್ಕೆ ಧೈರ್ಯ ಇಲ್ಲ. ಅದಕ್ಕೇ ಬಂದೆ."

ಗಂಡು ಒಬ್ಬನೇ ಹೆಣ್ಣಿನ ಮನೆಗೆ ಬರುವುದು ಸರಿಯೋ ತಪ್ಪೋ ಎಂದು ದೊಡ್ಡವ್ವ ದೊಡ್ಡಪ್ಪನ ಕಡೆ ನೋಡಿದಳು. ದೊಡ್ಡಪ್ಪ ಟವೆಲಿನಿಂದ ಜಗುಲಿ ಒರೆಸಿ, ಕಂಬಕ್ಕೆ ಒರಗಿ ಕೂತ. "ಮೊದ್ಲು ಕತೆ ಮುಗೀಲಿ. ಮಾತುಕತೆ ಆಮೇಕಾಯ್ತದೆ," ಎಂದ.

ಹಾಡುಹಗಲಿನಲ್ಲಿ, ಬೀದಿಯಲ್ಲಿ ಎತ್ತಿನಗಾಡಿ ಹೋಗುತ್ತಿದ್ದ ಹೊತ್ತಿನಲ್ಲಿ, ಸವಿತಕ್ಕ ಕೊನೆಯ ಅಧ್ಯಾಯ ಗಟ್ಟಿಯಾಗಿ ಓದಿದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ನಾನು ಯಾವುದನ್ನೂ ಕಲಿಸಿರಲಿಲ್ಲ. ಬಾವಿಯಿಂದ ಬಿಳಿಯ ಕೈ ಮೇಲೆದ್ದ ಜಾಗದಲ್ಲಿ ರವೀಂದ್ರ ಬೆಚ್ಚಿ ಹಿಡಿದದ್ದು ದೊಡ್ಡಪ್ಪನ ತೊಡೆಯನ್ನು. ದೊಡ್ಡಪ್ಪನೂ ಬೆಚ್ಚಿದ್ದರಿಂದ ಯಾರೂ ಯಾರನ್ನೂ ಬೈಯಲಿಲ್ಲ. ಪುಸ್ತಕ ಮುಚ್ಚಿ ಸವಿತಕ್ಕ ನೆಲ ನೋಡಿಕೊಂಡು, "ಹೂಂ," ಎಂದಳು. ಅದು ಕತೆ ಮುಗಿದದ್ದಕ್ಕೆ ಎಂದು ದೊಡ್ಡವ್ವ ತಿಳಿದಳು. ರವೀಂದ್ರ ಸರಿಯಾಗಿ ತಿಳಿದ.

ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ಆಯಿತು. ಗೊರೂರಿನ ಕ್ವಾರ್ಟರ್ಸಿನಲ್ಲಿ ಸವಿತಕ್ಕ ಸಂಸಾರ ಹೂಡಿದಳು. ಆಮೇಲೆ, ಎರಡು ಸಾವಿರದ ಇಸವಿಯ ಆಚೆಗೆ, ಹಾಸನಕ್ಕೆ ಬಂದರು. ಅಲ್ಲಿ ಸವಿತಕ್ಕ ತನ್ನ ಬೀದಿಯ ಹೈಸ್ಕೂಲು ಹುಡುಗ ಹುಡುಗಿಯರಿಗೆಲ್ಲ ಪುಸ್ತಕ ಹೇಳುವ ಆಂಟಿಯಾದಳು. ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ಮೊದಲು ಏನಾದರೂ ತಿನ್ನಲು ಕೊಟ್ಟು, ಅವರ ಮನೆಯ ಸುದ್ದಿ, ಸ್ನೇಹಿತರ ಜಗಳ, ಯಾವ ಮೇಷ್ಟ್ರ ಕಂಡರೆ ಆಗುವುದಿಲ್ಲ ಎಲ್ಲ ಕೇಳಿ, ಆಮೇಲೆ ಒಳಗೆ ಹೋಗಿ ಒಂದೇ ಒಂದು ಪುಸ್ತಕ ತರುತ್ತಿದ್ದಳು. ಅದು ತಪ್ಪಿದ್ದು ಕಡಿಮೆ. ಅದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ನೀವು ನಂಬುತ್ತೀರಿ. ನಾನು ನನಗೆ ರುಚಿಸಿದ್ದನ್ನು ಎಲ್ಲರಿಗೂ ಬಡಿಸುತ್ತಿದ್ದೆ. ಅವಳು ಅವರ ಹಸಿವು ನೋಡುತ್ತಿದ್ದಳು.

ಮೊನ್ನೆ ಧನಿಯದ ಘಮ ಬಂದ ದಿನವೇ ಮನಸ್ಸು ತಡೆಯದೆ ಹಾಸನಕ್ಕೆ ಹೋದೆ. ಹೊರಡುವಾಗ ಸವಿತಕ್ಕ ಕಟ್ಟೆಯ ಮೇಲೆ ಕೂರಿಸಿ, ಚಕ್ಕುಲಿ ಕೊಟ್ಟು, ಏನೇನೋ ಕೇಳಿದಳು. ಮೊಣಕಾಲು ನೋವು, ನಿದ್ದೆ, ಇತ್ತೀಚೆಗೆ ಓದಲು ಕೂತರೆ ಹತ್ತು ಸಾಲಿಗೆ ಬೇಸರ ಬರುವುದು, ಎಲ್ಲ ಹೇಳಿಕೊಂಡೆ. ಎದ್ದು ಒಳಗೆ ಹೋಗಿ ತೆಳ್ಳಗಿನ ಪುಸ್ತಕವೊಂದನ್ನು ತಂದು ನನ್ನ ಚೀಲಕ್ಕೆ ತುರುಕಿದಳು. ಮುಖಪುಟದಲ್ಲಿ ಸೈಕಲ್ ಮೇಲೆ ಒಬ್ಬ ಹುಡುಗಿ.

"ಹದಿನೈದು ವರ್ಷದ ಮಕ್ಕಳು ಓದೋದಲ್ವಾ ಇದು?" ಎಂದೆ.

"ಓದಮ್ಮಿ. ಬಾಯಿ ಆಮೇಲೆ ಬಿಡು."

ನನಗೆ ಪುಸ್ತಕ ಹೇಳುವವರು ಈವರೆಗೆ ಒಬ್ಬರೂ ಇರಲಿಲ್ಲ ಎಂಬುದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಹೊಳೆಯಿತು. ಬಸ್ಸು ಬರುವವರೆಗೆ ಎಂದು ಮೊದಲ ಪುಟ ತೆರೆದೆ. ಕಂಡಕ್ಟರ್ ಹೊಳೆನರಸೀಪುರ, ಹೊಳೆನರಸೀಪುರ ಎಂದು ಕೂಗಿದ್ದು ಕೇಳಿಸಿತು. ಇನ್ನೊಂದು ಪುಟ ಎಂದುಕೊಂಡೆ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಮನೆ ಸೇರ್ದಾ?" ಎಂದಳು ಸವಿತಕ್ಕ.

"ಇಲ್ಲ ಕಣಕ್ಕ, ಬಸ್ ಸ್ಟ್ಯಾಂಡಲ್ಲೇ ಇದೀನಿ."

ಯಾಕೆ ಎಂದು ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. "ಆ ಹುಡ್ಗಿ ಸೈಕಲ್ ಕಳೆದೋಯ್ತಾ?"

"ಈಗ ತಾನೇ."

"ಅಂಗಾದ್ರೆ," ಎಂದಳು, "ಮುಂದಿನ್ ಬಸ್ಸೂ ಬಿಡು."