ಬಿಯರ್ ಹಂಡೆಗೆ ಅತ್ತೆಯ ರಾಗಿ

ಜೀವನದಲ್ಲಿ ಮೊದಲ ಸಲ ನಾನು ಬಾರಿನೊಳಗೆ ಕಾಲಿಟ್ಟದ್ದು ನಮ್ಮ ಅತ್ತೆಯವರ ಜೊತೆ. ಗಂಡನ ಜೊತೆಯಲ್ಲ, ಗೆಳತಿಯರ ಜೊತೆಯಲ್ಲ, ಎಪ್ಪತ್ತು ದಾಟಿದ, ಏಕಾದಶಿಗೆ ಒಪ್ಪೊತ್ತು ಇರುವ ಅತ್ತೆಯವರ ಜೊತೆ. ಅವರ ಸೊಂಟದ ಮೇಲೊಂದು ಚೀಲ ಮೊಳಕೆ ರಾಗಿ, ನನ್ನ ಕೈಯಲ್ಲಿ ಇನ್ನೊಂದು. ಇದನ್ನು ಹೇಳಿದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೂ ನಂಬುವುದಿಲ್ಲ. ಆದ್ದರಿಂದ ಬರೆದೇ ಬಿಡುತ್ತೇನೆ.

ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಈಗ ಇರುವುದು ಮಡಕಶಿರಾದಿಂದ ಹೇಮಾವತಿಗೆ ಹೋಗುವ ದಾರಿಯ ಹಳ್ಳಿಯಲ್ಲಿ, ಗಂಡನ ಊರಿನಲ್ಲಿ. ಅದಕ್ಕೆ ಮುಂಚೆ ಹತ್ತು ವರ್ಷ ರಾಯದುರ್ಗದ ಕಡೆ, ಗುಮ್ಮಘಟ್ಟದ ಹತ್ತಿರದ ಕನ್ನಡ ಶಾಲೆಯಲ್ಲಿದ್ದೆ. ಅಲ್ಲಿ ಕುರಿ ಮೇಯಿಸುವವರ ಮನೆಯ ಒಬ್ಬ ಹುಡುಗಿ ನನ್ನ ಕ್ಲಾಸಿನಲ್ಲಿದ್ದಳು. ಅನ್ನವನ್ನು ಬಹಳ ಹೊತ್ತು ಅಗಿದರೆ ಯಾಕೆ ಸಿಹಿಯಾಗುತ್ತದೆ, ಜೊಲ್ಲಿನಲ್ಲಿರುವ ಕಿಣ್ವ ಹೇಗೆ ಪಿಷ್ಟವನ್ನು ಸಕ್ಕರೆ ಮಾಡುತ್ತದೆ ಎಂದು ಪಾಠ ಮಾಡಿದ ದಿನ ಎದ್ದು ನಿಂತು, “ಟೀಚರ್, ಆ ಕಿಣ್ವ ಕಣ್ಣಿಗಿ ಕಾಣತೈತೇನ್ರಿ?” ಅಂದಳು. “ಕಾಣಲ್ಲ, ಬರ್ಕೋ” ಅಂದೆ. ಸಿಲಬಸ್ ಮುಗಿಸುವ ಅವಸರ ನನಗೆ. ಆ ಉತ್ತರಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹುಡುಗಿ ಬರೆದುಕೊಂಡು ಸುಮ್ಮನಾಗಲಿಲ್ಲ. ಅನಂತಪುರದಲ್ಲಿ ಡಿಗ್ರಿ ಮಾಡಿದಳು, ಮುಂದೆ ಇನ್ನೆಲ್ಲೋ ಹೋಗಿ ಕಿಣ್ವಗಳ ಬಗ್ಗೆಯೇ ಓದಿದಳು. ಈಗ ಶಿರಾ ದಾಟಿ ಹೋದರೆ ಸಿಗುವ ಒಂದು ಕಾಲೇಜು ಊರಿನಲ್ಲಿ, ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಒಂದು ಬ್ರೂಪಬ್ಬಿನಲ್ಲಿ, ಬಿಯರ್ ಮಾಡುವವಳು ಅವಳೇ. ಅಪ್ಪ ಅಮ್ಮನಿಗೆ ಮಾತ್ರ “ಜ್ಯೂಸ್ ಫ್ಯಾಕ್ಟರಿ” ಎಂದು ಹೇಳಿದ್ದಾಳೆ.

ಹೋದ ವರ್ಷ ಒಂದು ಸಂಜೆ ಫೋನ್ ಮಾಡಿದಳು. ಬಿಯರಿಗೆ ಬೇಕಾದ ಮೊಳಕೆ ಬಾರ್ಲಿ ಹಡಗಿನಲ್ಲಿ ಬರುತ್ತದಂತೆ. ಕೆಲವರು ಹೆಸರಿಗೆ ಒಂದಿಷ್ಟು ರಾಗಿ ಹಿಟ್ಟು ಬೆರೆಸಿ ರಾಗಿ ಬಿಯರ್ ಅನ್ನುತ್ತಾರಂತೆ. ಬಾರ್ಲಿಯ ಒಂದು ಕಾಳೂ ಇಲ್ಲದೆ ಬರೀ ರಾಗಿಯಿಂದ ಮಾಡಬೇಕೆಂದು ಇವಳ ಹಟ. “ನಮ್ ಕಡಿ ರಾಗಿಗೆ ಯಾಕ ಆಗಂಗಿಲ್ರಿ ಸರ್?” ಎಂದು ಒಂದು ವರ್ಷ ಮಾಲೀಕರ ಬೆನ್ನು ಬಿದ್ದು ಒಪ್ಪಿಸಿದ್ದಳು. ಅವರು ಒಪ್ಪಿದ್ದು ಒಂದೇ ಒಂದು ಪ್ರಯತ್ನಕ್ಕೆ. ಅದು ಕೆಟ್ಟರೆ ರಾಗಿಯ ಮಾತನ್ನು ಮತ್ತೆ ಎತ್ತಬಾರದು. ಮೊಳಕೆ ಕಟ್ಟಿದ ಒಳ್ಳೆ ರಾಗಿ ಎಲ್ಲಿ ಸಿಗುತ್ತದೆಂದು ಯೋಚಿಸಿದಾಗ, ಹಿಂದೊಮ್ಮೆ ರಜೆಯಲ್ಲಿ ನಮ್ಮ ಮನೆಗೆ ಬಂದು ಕುಡಿದ ರಾಗಿ ಗಂಜಿ ಅವಳಿಗೆ ನೆನಪಾಗಿದೆ.

ನಾನು ಅತ್ತೆಗೆ ಹೇಗೆ ಹೇಳುವುದೆಂದು ಮೀನಮೇಷ ಎಣಿಸುತ್ತಿದ್ದೆ. ಹುಡುಗಿಯೇ ಫೋನನ್ನು ಅತ್ತೆಗೆ ಕೊಡಿಸಿದಳು. “ಹೆಂಡದಂಗಡಿಗೆ ನನ್ನ ರಾಗಿನಾ? ನಿಂಗೇನ್ ತಲೆ ಕೆಟ್ಟೈತಾ ಮಗಾ?” ಅಂದರು ಅತ್ತೆ. ಆ ಕಡೆಯಿಂದ ಅವಳು, “ಅಜ್ಜಿ, ರಾಗಿ ಅಂಗಡ್ಯಾಗೂ ಸಿಗತೈತ್ರಿ. ನಿಮ್ಮ ಕೈ ಸಿಗಂಗಿಲ್ರಿ” ಅಂದಳು. ಅತ್ತೆ ಕರಗಿ ನೀರಾದರು. ಮರುದಿನವೇ ರಾಗಿ ತೊಳೆದು ನೆನೆಹಾಕಿದರು. ಹುಡುಗಿ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಬಿಸಿಲಿಗೆ ಒಣಗಿಸಿದರೆ ಸಾಕು, ಒಲೆಯ ಮೇಲೆ ಇಡಬೇಡಿ. ನಾನೂ ಅತ್ತೆಗೆ ಅದನ್ನೇ ಹೇಳಿ ಶಾಲೆಗೆ ಹೋದೆ.

ರಾಗಿ ಒಣಗಿದ ಮೇಲೆ ನಾವಿಬ್ಬರೂ ಚೀಲ ಹೊತ್ತು ಹೊರಟೆವು. ಆ ಬ್ರೂಪಬ್ಬು ಕಾಲೇಜಿನ ಗೇಟಿನಿಂದ ಕೂಗಳತೆಯಲ್ಲಿತ್ತು. ಬೆಳಗ್ಗೆ ಹನ್ನೊಂದು ಗಂಟೆ. ನಾನು ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಯಾರಾದರೂ ಪರಿಚಯದವರು ಕಂಡರೆ ಏನು ಹೇಳುವುದೆಂದು ಎರಡು ಮೂರು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಒಳಗೆ ನೋಡಿದರೆ ನಾನಂದುಕೊಂಡ ಕತ್ತಲೆಯೂ ಇಲ್ಲ, ಹೊಗೆಯೂ ಇಲ್ಲ. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ನಾಲ್ಕೈದು ಮಕ್ಕಳು ಲ್ಯಾಪ್‌ಟಾಪ್ ತೆರೆದು ಕುಳಿತು ಕರಿದ ಆಲೂಗಡ್ಡೆ ತಿನ್ನುತ್ತಿದ್ದರು. ನಮ್ಮ ಹಳೆಯ ಹುಡುಗಿ ರಬ್ಬರ್ ಬೂಟು ಹಾಕಿಕೊಂಡು ಓಡಿ ಬಂದು, “ಬರ್ರಿ ಟೀಚರ್, ಬರ್ರಿ ಅಜ್ಜಿ” ಎಂದು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಆ ಮಕ್ಕಳು ತಿನ್ನುವುದನ್ನು ಬಿಟ್ಟು ನಮ್ಮನ್ನೇ ನೋಡಿದರು.

ಗಾಜಿನ ಗೋಡೆಯ ಆಚೆ ಹಂಡೆಗಳಿದ್ದವು. ಹಂಡೆ ಎಂದರೆ ನಮ್ಮ ಬಚ್ಚಲಿನ ಹಂಡೆಯಲ್ಲ, ಒಂದೊಂದೂ ಎರಡಾಳು ಎತ್ತರ. ಎರಡಕ್ಕೆ ತಾಮ್ರದ ಹೊದಿಕೆ, ಉಳಿದವು ಸ್ಟೀಲು. ಮೈತುಂಬ ಪೈಪು, ಗಡಿಯಾರದಂಥ ಮುಳ್ಳುಗಳು. ನಾನು ಬಾಯಿ ತೆರೆದು ನಿಂತಿದ್ದೆ. ಯಾವುದೋ ದೊಡ್ಡ ಗುಡಿಯ ಗರ್ಭಗುಡಿಯ ಮುಂದೆ ನಿಂತಾಗ ಆಗುವ ಹಾಗೆ ಮಾತು ತಾನಾಗಿ ತಗ್ಗಿತು. ಅತ್ತೆ ಮಾತ್ರ ಕತ್ತೆತ್ತಿ ಒಂದು ಸುತ್ತು ನೋಡಿ ಕೇಳಿದ್ದು, “ಇಷ್ಟು ದೊಡ್ಡ ಪಾತ್ರೆ ತೊಳಿಯೋರು ಯಾರು?”

“ನಾನs ರೀ ಅಜ್ಜಿ.”

“ಪರವಾಗಿಲ್ಲ” ಅಂದರು ಅತ್ತೆ. ಅವರ ಬಾಯಲ್ಲಿ ಅದು ಚಿನ್ನದ ಪದಕ.

ಅವಳು ನಮ್ಮನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದಳು. ಬಾಗಿಲು ತೆರೆದ ಕೂಡಲೇ ನಾನು ಬೆಚ್ಚಿದೆ. ಅದು ನಮ್ಮ ಮನೆಯ ಮಾಳಿಗೆಯ ವಾಸನೆ. ಮೊಳಕೆ ರಾಗಿ ಒಣಗುವಾಗ ಬರುವ, ಸಿಹಿಯೋ ಮಣ್ಣೋ ತಿಳಿಯದ ಅದೇ ವಾಸನೆ. ಯಾವುದೋ ದೇಶದ ಹೆಸರು ಬರೆದ ಚೀಲದೊಳಗಿಂದ ಬರುತ್ತಿತ್ತು. ಅತ್ತೆ ಚೀಲಕ್ಕೆ ಕೈ ಹಾಕಿ ಬಾರ್ಲಿಯ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಉಳಿದ ಹಲ್ಲುಗಳಲ್ಲಿ ನಿಧಾನವಾಗಿ ಕಡಿದು, “ನಾಕೈದು ದಿನ ಮೊಳಕೆ ಕಟ್ಟವ್ರೆ. ಬೇರು ಉಜ್ಜಿ ತೆಗ್ದವ್ರೆ. ಒಳ್ಳೆ ಕೆಲಸಗಾರರು” ಅಂದರು. ಹುಡುಗಿ ನನ್ನ ಕಡೆ ತಿರುಗಿ, “ಟೀಚರ್, ಇದನ್ನ ಹೇಳಾಕ ನಮಗ ಒಂದು ರಿಪೋರ್ಟ್ ಬರತೈತ್ರಿ” ಅಂದಳು. ಅತ್ತೆ ಇನ್ನೊಂದು ಕಾಳು ಕಡಿದರು. ಆಮೇಲೆ ಯಾಕೋ ನಮ್ಮ ಚೀಲದ ಬಾಯಿಯನ್ನು ಇನ್ನಷ್ಟು ಬಿಗಿದರು.

ದೊಡ್ಡ ಹಂಡೆಗೆ ಹಾಕುವ ಮುಂಚೆ ಸಣ್ಣ ಪಾತ್ರೆಯಲ್ಲಿ ಪರೀಕ್ಷೆ ಮಾಡಬೇಕು. ಅವಳು ನಮ್ಮ ಚೀಲ ಬಿಚ್ಚಿ ಒಂದು ಹಿಡಿ ಮೂಸಿದಳು. ಮುಖ ಒಂದು ಗಳಿಗೆ ಬಾಡಿದ ಹಾಗೆ ಕಂಡಿತು, ಮತ್ತೆ ನಕ್ಕಳು. ರಾಗಿಯನ್ನು ತರಿತರಿಯಾಗಿ ಒಡೆದು, ಬೇಯಿಸಿದ ರಾಗಿ ಹಿಟ್ಟಿನ ಜೊತೆ ಬಿಸಿನೀರಿನಲ್ಲಿ ಕಲಸಿ, ಬಿಸಿ ಏರದಂತೆ ಇಳಿಯದಂತೆ ಒಂದು ಗಂಟೆ ಕಾದಳು. ಅಷ್ಟರಲ್ಲಿ ಮೊಳಕೆಯಲ್ಲಿ ಹುಟ್ಟಿದ ಕಿಣ್ವದಿಂದ ರಾಗಿಯೊಳಗಿನ ಪಿಷ್ಟವೆಲ್ಲ ಸಕ್ಕರೆಯಾಗಬೇಕು. ಆಯಿತೆಂದರೆ ಬಿಯರ್, ಆಗದಿದ್ದರೆ ಬರೀ ಅಂಬಲಿ. ಮಾಲೀಕರು ಬಂದು ನಿಂತರು. ನಲವತ್ತರ ಆಸುಪಾಸಿನ ಮೃದು ಮಾತಿನ ಮನುಷ್ಯ, ಆದರೆ ಫೋನನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು.

ಅವಳು ಬಿಳಿ ತಟ್ಟೆಯ ಮೇಲೆ ತಿಳಿಯ ಒಂದು ತೊಟ್ಟು ಬಿಟ್ಟು, ಅದಕ್ಕೆ ಅಯೋಡಿನ್ ಹಾಕಿದಳು. ಈ ಪರೀಕ್ಷೆ ನನಗೆ ಹೊಸದಲ್ಲ. ಆಲೂಗಡ್ಡೆಯ ಮೇಲೆ, ಅನ್ನದ ಮೇಲೆ ಪ್ರತಿವರ್ಷ ಮಾಡಿ ತೋರಿಸುತ್ತೇನೆ. ಪಿಷ್ಟ ಉಳಿದಿದ್ದರೆ ನೀಲಿಗಪ್ಪು, ಸಕ್ಕರೆಯಾಗಿದ್ದರೆ ಅಯೋಡಿನ್ನಿನ ಕಂದು ಬಣ್ಣವೇ ಉಳಿಯುತ್ತದೆ. ತಟ್ಟೆಯ ಮೇಲಿನ ತೊಟ್ಟು ಶಾಯಿಯಷ್ಟು ಕಪ್ಪಾಯಿತು.

“ಆಗ್ಲಿಲ್ಲ ಅಲ್ವಾ?” ಎಂದರು ಮಾಲೀಕರು. “ಒಂದ್ಸಲ ನೋಡೋಣ ಅಂದಿದ್ದೆ, ನೋಡಾಯ್ತು. ಇವತ್ತು ಬಾರ್ಲಿನೇ ಹಾಕ್ಬಿಡಿ.”

ಹುಡುಗಿ ತಲೆ ತಗ್ಗಿಸಿ, “ರಾಗಿದು ಏನೂ ತಪ್ಪಿಲ್ರಿ ಸರ್. ನಾನs ನೀರು ಬಿಸಿ ಜಾಸ್ತಿ ಮಾಡೀನಿ” ಅಂದಳು. ನೀರು ಸರಿಯಾಗಿತ್ತು. ಗಂಟೆಯುದ್ದಕ್ಕೂ ಅವಳ ಪಕ್ಕದಲ್ಲಿ ನಿಂತು ಬಿಸಿ ತೋರಿಸುವ ಮುಳ್ಳನ್ನು ನೋಡಿದವಳು ನಾನು. ಇವಳು ಯಾಕೆ ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಅರ್ಥವಾಗಲಿಲ್ಲ.

“ಸುಳ್ಳು ಹೇಳ್ಬ್ಯಾಡ ಮಗಾ” ಅಂದರು ಅತ್ತೆ. “ನಾನು ಹುರಿದೆ.”

ಎಲ್ಲರೂ ಅವರ ಕಡೆ ತಿರುಗಿದೆವು. “ಇವಳು ಸ್ಕೂಲಿಗೆ ಹೋದ ಮ್ಯಾಲೆ ಬಾಣಲೆಗೆ ಹಾಕಿ ಒಂದು ಸ್ವಲ್ಪ ಬೆಚ್ಚಗೆ ಮಾಡ್ದೆ, ಘಮ ಬರೋಗಂಟ. ಹಸೀದನ್ನ ಹಂಗೇ ಕೊಟ್ರೆ ದನಕ್ಕೆ ಹಾಕ್ದಂಗಲ್ವಾ? ನಂಟ್ರ ಮನೆಗೆ ಯಾರಾದ್ರೂ ಹುರೀದೆ ಕೊಡ್ತಾರಾ? ನೀನು ಬ್ಯಾಡ ಅಂದಿದ್ದೆ, ನಿಂಗೇನ್ ಗೊತ್ತು ಅಂದ್ಕೊಂಡೆ. ಅವರ ಕಾಳು ಕಡಿದಾಗ್ಲೇ ಗೊತ್ತಾಯ್ತು, ಅದು ಬಾಣಲೆ ಕಂಡಿಲ್ಲ. ತಪ್ಪು ನಂದೇ.”

ನಮ್ಮ ಕಡೆ ಬಾಣಂತಿಗೆ, ಮಗುವಿಗೆ, ಬೇರೆ ಊರಿನ ನೆಂಟರಿಗೆ ಮೊಳಕೆ ರಾಗಿಯನ್ನು ಹುರಿಯದೆ ಕೊಡುವುದೇ ಇಲ್ಲ. ಹುರಿದ ಕೂಡಲೇ ಘಮ ಬರುತ್ತದೆ, ಕಿಣ್ವ ಸಾಯುತ್ತದೆ. ಹುಡುಗಿ ಮೂಸಿದಾಗಲೇ ತಿಳಿದುಕೊಂಡಿದ್ದಳು. ಎರಡು ಬಸ್ಸು ಹತ್ತಿಳಿದು ಬಂದ ಹಿರಿಯರಿಗೆ ನಿಮ್ಮ ರಾಗಿ ಸತ್ತಿದೆ ಎಂದು ಹೇಳಲಾರದೆ ತನ್ನ ಒಂದೇ ಅವಕಾಶವನ್ನು ಬಿಟ್ಟುಕೊಡಲು ಹೊರಟಿದ್ದಳು. ಇನ್ನು ನಮ್ಮ ಅತ್ತೆ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವರು ತಪ್ಪೊಪ್ಪಿದ್ದನ್ನು ನಾನು ಕಂಡಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನ ತಪ್ಪು, ಅನ್ನ ಸೀದರೆ ಗ್ಯಾಸಿನ ತಪ್ಪು, ಎರಡೂ ಅಲ್ಲದಿದ್ದರೆ ನನ್ನದು. ಅಂಥವರು ಪರವೂರಿನ ಬಾರಿನಲ್ಲಿ, ಗುರುತಿಲ್ಲದ ಗಂಡಸಿನ ಮುಂದೆ ಕೈ ಕಟ್ಟಿ ನಿಂತಿದ್ದರು. ಆ ದೊಡ್ಡ ಹಂಡೆಗಳನ್ನು ನೋಡಿ ಬೆರಗಾಗಿದ್ದೆನಲ್ಲ, ಈ ಇಬ್ಬರ ಮುಂದೆ ಅವು ನನಗೆ ಕಾಣಿಸಲೇ ಇಲ್ಲ.

“ಹತ್ತು ದಿನ ಕೊಡಪ್ಪ” ಎಂದರು ಅತ್ತೆ ಮಾಲೀಕರಿಗೆ. “ಅವಳ ಮಾತು ಕೆಟ್ಟಿಲ್ಲ, ನನ್ನ ಕೈ ಕೆಟ್ಟಿದ್ದು. ಇನ್ನೊಂದ್ಸಲ ತತ್ತೀನಿ. ಆಗ್ಲೂ ಕರ್ರಗಾದ್ರೆ ನಾವೇ ಸುಮ್ಕಾಯ್ತೀವಿ.” ಮಾಲೀಕರು ಹುಡುಗಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು, ಕೊನೆಗೆ ಫೋನನ್ನು ಜೇಬಿಗೆ ಹಾಕಿ, “ಹತ್ತೇ ದಿನ ಅಮ್ಮ” ಅಂದರು.

ಆ ಹತ್ತು ದಿನ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಅತ್ತೆ ರಾಗಿಯನ್ನು ಮೂರು ಸಲ ಆರಿಸಿದರು, ನೆನೆಸಿದರು, ಒದ್ದೆ ಬಟ್ಟೆ ಹಾಸಿದ ಬಿದಿರಿನ ಮಂಕರಿಗೆ ತುಂಬಿ ಮೇಲೆ ಕಲ್ಲು ಹೇರಿದರು. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿ, ಒಳಗೆ ಕೈ ತೂರಿಸಿ ಕಾವು ನೋಡಿದರು. ನಾನು ಪಕ್ಕದಲ್ಲಿ ಕೂತು ನೋಡಿದೆ. ಕಿಣ್ವ ಎಂದು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದವಳು, ಅದು ಹುಟ್ಟುವ ಮಂಕರಿಯನ್ನು ಅಡುಗೆಮನೆಯ ಮೂಲೆಯಲ್ಲೇ ಇಟ್ಟುಕೊಂಡು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ದಿನ ಅತ್ತೆ ನನ್ನನ್ನು ಕರೆದು, “ಅಮ್ಮಿ, ಬಾಣಲೆ ಎತ್ತಿ ಅಟ್ಟಕ್ಕೆ ಹಾಕು. ನನ್ನ ಕೈ ಸುಮ್ಕಿರಲ್ಲ” ಅಂದರು. ಹಾಕಿದೆ. ಎರಡು ದಿನ ಒಗ್ಗರಣೆಯನ್ನೂ ಸೌಟಿನಲ್ಲೇ ಮಾಡಿದೆವು.

ಮತ್ತೆ ಹೋದೆವು. ಈ ಸಲ ನಾನು ತಲೆ ಮೇಲೆ ಸೆರಗು ಹಾಕಿಕೊಳ್ಳುವುದನ್ನೂ ಮರೆತಿದ್ದೆ. ಮತ್ತೆ ಸಣ್ಣ ಪಾತ್ರೆ, ಮತ್ತೆ ಒಂದು ಗಂಟೆ. ಪಾತ್ರೆಯಲ್ಲಿ ಮುದ್ದೆಯ ಹಾಗೆ ಗಟ್ಟಿಯಾಗಿದ್ದದ್ದು ನಮ್ಮ ಕಣ್ಣೆದುರೇ ಸಡಿಲವಾಗುತ್ತ, ಮಜ್ಜಿಗೆಯಷ್ಟು ನೀರಾಗುತ್ತ ಬಂತು. ನನ್ನ ಮೈ ಜುಂ ಅಂದಿತು. ಹುಡುಗಿ ತಟ್ಟೆ ತಂದಳು. ಅವಸರದಲ್ಲಿ ಮೊದಲ ತೊಟ್ಟು ನೆಲಕ್ಕೆ ಬಿತ್ತು. ಎರಡನೆಯದು ತಟ್ಟೆಗೆ ಬಿತ್ತು. ಅಯೋಡಿನ್ ಹಾಕಿದಳು. ಮಾಲೀಕರೂ ಸೇರಿ ನಾಲ್ವರೂ ಬಗ್ಗಿದೆವು.

ಬಣ್ಣ ಬದಲಾಗಲಿಲ್ಲ. ಇನ್ನೊಂದು ತೊಟ್ಟು ಬಿಟ್ಟು ನೋಡಿದಳು. ಅದೂ ಹಾಗೆಯೇ ಇತ್ತು.

ಅವಳು ತಿಳಿಯನ್ನು ಲೋಟಕ್ಕೆ ಬಸಿದು, ಆರಿಸಿ ಅತ್ತೆಗೆ ಕೊಟ್ಟಳು. ಇದಿನ್ನೂ ಬಿಯರ್ ಅಲ್ಲ, ಅಮಲಿಲ್ಲ ಎಂದು ಅತ್ತೆಗೆ ಎರಡೆರಡು ಸಲ ಭರವಸೆ ಕೊಟ್ಟಳು. ಅತ್ತೆ ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿ, “ಎಷ್ಟು ಬೆಲ್ಲ ಹಾಕಿದ್ಯೇ?” ಎಂದು ಕೇಳಿದರು.

“ಚಿಟಿಕಿನೂ ಹಾಕಿಲ್ರಿ ಅಜ್ಜಿ. ಎಲ್ಲಾ ಕಾಳಿನೊಳಗಿಂದ ಬಂದದ್ದು ರೀ.”

“ಇದು ಒಳಗೇ ಇತ್ತಾ?”

“ಒಳಗs ಇತ್ರಿ.”

ಅತ್ತೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಅರವತ್ತು ವರ್ಷ ರಾಗಿ ಮೊಳಕೆ ಕಟ್ಟಿ, ಅರವತ್ತು ವರ್ಷವೂ ಹುರಿದವರು. ಲೋಟವನ್ನು ನನಗೆ ಕೊಟ್ಟರು. ನಾನು ಕುಡಿದೆ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೆಲ್ಲ ನಿಜವಾಗಿತ್ತು, ನಾಲಿಗೆಯ ಮೇಲಿತ್ತು.

“ದೊಡ್ಡದಕ್ಕೆ ಹಾಕಿ” ಎಂದರು ಮಾಲೀಕರು.

ಹುಡುಗಿ ಏಣಿ ಹತ್ತಿ ಹಂಡೆಯ ಬಾಯಿ ತೆರೆದಳು. ನಾವು ಕೆಳಗಿನಿಂದ ಒಡೆದ ರಾಗಿಯ ಬಕೆಟ್ಟುಗಳನ್ನು ಎತ್ತಿಕೊಟ್ಟೆವು. ಮೊದಲ ಬಕೆಟ್ಟು ಸುರಿದು ಕಲಸುವಾಗಲೇ ಅವಳಿಗೆ ಅಳು ಬಂತು. ಕಲಸುವ ಮರದ ಹುಟ್ಟನ್ನು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಏಣಿಯ ಬುಡದಲ್ಲಿ ನಿಂತು ಗದರಿದರು.

“ಆಮೇಲೆ ಅಳುವಂತೆ ಮಗಾ. ಈಗ ಕಲಸು, ಗಂಟಾಗ್ತೈತೆ.”

ಅವಳು ಮೂಗು ಒರೆಸಿಕೊಂಡು ಕಲಸಿದಳು.